ಉಪ್ಪುನೀರಿನ ಊರಿಗೆ ಮನೆ ನೋಡಲು ಹೋದದ್ದು

ಮಗಳ ಶೂಗಳಿಗೆ ಮೆತ್ತಿದ್ದ ಕೆಸರು ನೋಡಿದ ದಿನವೇ ನನಗೆ ಸಂಶಯ ಬಂತು. ಲಂಡನ್ನಿನಲ್ಲಿ ನಾವಿರುವ ಗ್ರೀನ್‌ಫರ್ಡಿನ ಮಣ್ಣು ನನಗೆ ಗೊತ್ತು. ಕಂದು ಬಣ್ಣ, ಅಂಟು, ವಾಸನೆ ಇಲ್ಲ. ಇದು ಬೂದು ಕೆಸರು. ಒಣಗಿದ ಕಡೆ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಮೂಗಿನ ಹತ್ತಿರ ಹಿಡಿದು ನೋಡಿದೆ. ಅಳಿವೆಯ ಕೆಸರು. ಹೊಳೆ ಸಮುದ್ರಕ್ಕೆ ಸೇರುವಲ್ಲಿ, ನೀರು ಇಳಿದ ಹೊತ್ತಿಗೆ ಏಳುವ ವಾಸನೆ ಅದು. ನಾನು ಹುಟ್ಟಿ ಬೆಳೆದದ್ದು ಉಡುಪಿ ಕಡೆಯ ಒಂದು ಅಳಿವೆಯ ಬದಿಯಲ್ಲಿ. ಮದುವೆಯಾಗುವ ತನಕ ಅಂಥ ಕೆಸರಿಗೆ ಇಳಿದು ಮರುವಾಯಿ ಚಿಪ್ಪು ಹೆಕ್ಕಿದವಳು. ನನಗೆ ಮೋಸ ಮಾಡಬೇಕಾದರೆ ಬೇರೆ ಕೆಸರು ಮೆತ್ತಿಕೊಂಡು ಬರಬೇಕಿತ್ತು.

ಮಗಳು ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್. ಅವಳ ಗಂಡ ತೀರಿಹೋಗಿ ಬಹಳ ವರ್ಷಗಳಾದವು, ಮಕ್ಕಳಿಲ್ಲ. ನನ್ನ ಗಂಡನೂ ಈಗಿಲ್ಲ. ಮನೆಯಲ್ಲಿ ನಾವಿಬ್ಬರೇ. ರಜೆಯ ದಿನ ವೆಂಬ್ಲಿಗೆ ಹೋಗಿ ತರಕಾರಿ ತರುತ್ತೇನೆ ಎಂದು ಬೆಳಿಗ್ಗೆ ಹೊರಟವಳು ಕತ್ತಲಾಗುವಾಗ ಬರುತ್ತಿದ್ದಳು. ತರಕಾರಿ ಬರುತ್ತಿತ್ತು, ಅದು ಸುಳ್ಳಲ್ಲ. ಆದರೆ ಬಸಳೆ ಬಾಡಿರುತ್ತಿತ್ತು. ಬೆಳಿಗ್ಗೆ ಕೊಂಡು ಇಡೀ ದಿನ ಕಾರಿನಲ್ಲಿ ಇಟ್ಟ ಬಸಳೆ ಯಾವುದು, ಆಗಷ್ಟೇ ಕೊಂಡ ಬಸಳೆ ಯಾವುದು ಎಂದು ಗೊತ್ತಾಗುವುದಿಲ್ಲವೇ?

"ಎಲ್ಲಿಗೆ ಹೋಗಿದ್ದೆ?" ಎಂದು ಕೇಳಿದೆ.

"ವೆಂಬ್ಲಿಗೆ, ಮಾಂಯ್."

"ವೆಂಬ್ಲಿಗೆ ಸಮುದ್ರ ಯಾವಾಗ ಬಂದದ್ದು?"

ನಮ್ಮ ಮನೆಮಾತು ಕೊಂಕಣಿ, ತಾಯಿಗೆ ಮಾಂಯ್ ಎನ್ನುತ್ತೇವೆ. ನನಗೆ ಬರೆಯಲು ಬರುವುದು ನಾಲ್ಕನೇ ಕ್ಲಾಸಿನ ತನಕ ಕಲಿತ ಕನ್ನಡ ಒಂದೇ. ಹಾಗಾಗಿ ನಾವು ಆಡಿದ್ದನ್ನೆಲ್ಲ ಕನ್ನಡದಲ್ಲಿ ಹಾಕಿದ್ದೇನೆ. ಇಂಗ್ಲಿಷಿನವರು ಆಡಿದ್ದನ್ನು ನನಗೆ ತಿಳಿದಷ್ಟು ಹಾಕಿದ್ದೇನೆ. ನನ್ನದು ಇಲ್ಲಿಯ ವೇರ್‌ಹೌಸಿನಲ್ಲಿ ಪ್ಯಾಕಿಂಗ್ ಮಾಡುತ್ತ ಕಲಿತ ಇಂಗ್ಲಿಷ್. ಜಗಳಕ್ಕೆ ಸಾಕು, ವಿಚಾರಣೆಗೂ ಸಾಕು.

ಮಗಳು ಶೂ ತೆಗೆದುಕೊಂಡು ಹೋಗಿ ಸಿಂಕಿನಲ್ಲಿ ತೊಳೆದಳು. ತೊಳೆದು ಬೆನ್ನು ತಿರುಗಿಸಿಯೇ ನಿಂತು, "ಒಬ್ಬರು ಇದ್ದಾರೆ" ಎಂದಳು.

"ಒಬ್ಬರು ಅಂದ್ರೆ? ಗಂಡಸಾ?"

"ಮತ್ತೆಂತ ಮಾಂಯ್?"

"ಎಂತ ಕೆಲಸ?"

"ಕುರಿ ಸಾಕುದು."

"ನಿನ್ನ ಆಸ್ಪತ್ರೆಯ ಡಾಕ್ಟರುಗಳೆಲ್ಲ ಸತ್ತಿದ್ದಾರಾ?"

ಅವಳು ನಗಲಿಲ್ಲ. ಅವನ ತಾಯಿ ದೊಡ್ಡ ಚಿಕಿತ್ಸೆಗೆಂದು ದೂರದಿಂದ ಬಂದು ಇವಳ ವಾರ್ಡಿನಲ್ಲಿ ತಿಂಗಳುಗಟ್ಟಲೆ ಇದ್ದಳಂತೆ. ಅವನು ಬಂದು ಹಾಸಿಗೆಯ ಹತ್ತಿರ ಮಾತಿಲ್ಲದೆ ಕೂತು ಹೋಗುತ್ತಿದ್ದನಂತೆ. ತಾಯಿ ಸತ್ತ ಮೇಲೆ ನರ್ಸುಗಳಿಗೆಂದು ಬಾತುಕೋಳಿಯ ಮೊಟ್ಟೆ ತಂದನಂತೆ. ಹೀಗೆ ಶುರುವಾಯಿತು. ಪ್ರಾಯ ಇವಳಿಗಿಂತ ಸ್ವಲ್ಪ ಹೆಚ್ಚು. ಮೊದಲು ಮದುವೆಯಾಗಿ ಡೈವೋರ್ಸ್ ಆಗಿದೆ. ಮನೆ ಕೆಂಟ್ ಕಡೆ, ಥೇಮ್ಸ್ ಹೊಳೆ ಸಮುದ್ರ ಸೇರುವಲ್ಲಿ. ಮೂರು ಕಡೆ ನೀರು, ಒಂದು ಕಡೆ ಮಾತ್ರ ನೆಲ. ಆ ಪರ್ಯಾಯ ದ್ವೀಪಕ್ಕೆ ಹೂ ಎಂದು ಹೆಸರಂತೆ. ಆಮೇಲೆ ಹೋಗಿ ನೋಡಿದೆನಲ್ಲ, ಹೂವು ಎಲ್ಲಿಯೂ ಕಾಣಲಿಲ್ಲ.

"ಅಲ್ಲಿಗೆ ಹೋಗಿ ಇರುವ ಅಂತ ಆಲೋಚನೆ ಉಂಟು," ಎಂದಳು. "ನೀನು ಬೇಡ ಅಂದ್ರೆ ಹೋಗುದಿಲ್ಲ. ಅವರಿಗೂ ಹೇಳಿದ್ದೇನೆ. ಆದ್ರೆ ಮತ್ತೆ ನನ್ನ ಹತ್ರ ಯಾವ ಸಂಬಂಧದ ಸುದ್ದಿಯನ್ನೂ ತರ್ಬೇಡ. ಇದೇ ಕಡೇದು."

ಐವತ್ತು ದಾಟಿದ ಮಗಳು. ಬೇಡ ಎಂದರೆ ಬಿಡುತ್ತಾಳೆ, ನನಗೆ ಗೊತ್ತು. ಬಿಟ್ಟು ನನ್ನ ಜೊತೆ ಟಿವಿ ನೋಡುತ್ತ ಕೂರುತ್ತಾಳೆ. ಹೌದು ಎಂದರೆ ನೀರಿನ ನಡುವೆ ಯಾವನೋ ಕುರಿಯವನ ಕೈಗೆ ಕೊಟ್ಟ ಹಾಗೆ.

"ಮನೆ ನೋಡದೆ ನಾನು ಬಾಯಿ ಬಿಡುದಿಲ್ಲ," ಎಂದೆ.

ನಮ್ಮಲ್ಲಿ ಹೆಣ್ಣು ಕೊಡುವ ಮುಂಚೆ ಮನೆ ನೋಡಲು ಹೋಗುವುದು ಒಂದು ಕ್ರಮ. ಹುಡುಗನನ್ನು ನೋಡುವುದಕ್ಕಿಂತ ಅದು ಮುಖ್ಯ. ಹೇಳಿದ ಹೊತ್ತಿಗಿಂತ ಮುಂಚೆ ಹೋಗಬೇಕು. ನೇರ ಆ ಮನೆಗೆ ಹೋಗಬಾರದು. ಮೊದಲು ನೆರೆಮನೆಗೆ ಹೋಗಿ, ದಾರಿ ಕೇಳಲು ಬಂದವರ ಹಾಗೆ ಕೂತು ವಿಚಾರಿಸಬೇಕು. ಬಾವಿ ನೋಡಬೇಕು, ಅಟ್ಟ ನೋಡಬೇಕು, ಹಟ್ಟಿ ನೋಡಬೇಕು. ಮಾತು ಗಟ್ಟಿಯಾಗುವ ತನಕ ಆ ಮನೆಯಲ್ಲಿ ಒಂದು ಲೋಟ ನೀರನ್ನೂ ಮುಟ್ಟಬಾರದು. ಕುಡಿದರೆ ಒಪ್ಪಿದ ಹಾಗೆ.

ಇವಳ ಮೊದಲ ಮದುವೆಗೂ ಹೀಗೆಯೇ ಹೋಗಿದ್ದೆವು, ನನ್ನ ಗಂಡ ಮತ್ತು ನಾನು. ನೆರೆಮನೆಯವರು ಚಿನ್ನದಂಥ ಹುಡುಗ ಎಂದರು. ಅಂಗಡಿಯವನು ಇಂಥವರು ಸಿಗುವುದಿಲ್ಲ ಎಂದ. ಪಾದ್ರಿಗಳು ಒಳ್ಳೆಯ ಕುಟುಂಬ ಎಂದರು. ಒಬ್ಬರ ಬಾಯಲ್ಲಿಯೂ ಒಂದು ಕೆಟ್ಟ ಮಾತಿಲ್ಲ. ಮದುವೆಯಾಗಿ ಸ್ವಲ್ಪ ದಿನಕ್ಕೆ ಹಟ್ಟಿಯ ಬೈಹುಲ್ಲಿನ ಒಳಗೆ ಬಾಟಲಿಗಳು ಸಿಕ್ಕಿದವು. ಅದೇ ನೆರೆಮನೆಯವರು, ಅವನು ಮೊದಲಿನಿಂದಲೂ ಹಾಗೇ ಅಲ್ಲವಾ ಎಂದರು. ಲಂಡನ್ನಿಗೆ ಬಂದರೂ ಅವನು ಬಾಟಲಿ ಬಿಡಲಿಲ್ಲ, ಇಲ್ಲಿಯೇ ಲಿವರ್ ಹೋಗಿ ಸತ್ತ. ಅಂದಿನಿಂದ ಯಾರಾದರೂ ಯಾರ ಬಗ್ಗೆಯಾದರೂ ಒಳ್ಳೆಯದು ಹೇಳಿದರೆ ನನಗೆ ಹೆದರಿಕೆಯಾಗುತ್ತದೆ.

ಅಕ್ಟೋಬರಿನಲ್ಲಿ ಹೋದೆವು. ಮಗಳ ಕಾರಿನಲ್ಲಿ ನಾನು ಹತ್ತಲಿಲ್ಲ. ಕಾರಿನಲ್ಲಿ ಹೋದರೆ ಅವಳು ತೋರಿಸಿದ್ದು ಮಾತ್ರ ಕಾಣುತ್ತದೆ. ಬಸ್ಸಿನಲ್ಲಿ ಊರು ಕಾಣುತ್ತದೆ, ಊರಿನ ಜನ ಕಾಣುತ್ತಾರೆ. ಟ್ಯೂಬ್ ಎಂಬ ನೆಲದಡಿಯ ರೈಲು ಹತ್ತಿ ನಡುವೆ ಬದಲಿಸಿ, ಲಂಡನ್ನಿನ ಆ ತುದಿ ದಾಟಿ ಮತ್ತೊಂದು ರೈಲು ಹಿಡಿದು, ಇಳಿದ ಮೇಲೆ ಬಸ್. ಮೊದಲು ಹೊಸ ಮನೆಗಳು, ಎಲ್ಲ ಒಂದೇ ಅಚ್ಚಿನವು. ಆಮೇಲೆ ಸೇಬಿನ ತೋಟ. ಆಮೇಲೆ ಏನೂ ಇಲ್ಲ. ಚಪ್ಪಟೆ ನೆಲ, ಹುಲ್ಲು, ತೋಡು, ಕರೆಂಟಿನ ದೊಡ್ಡ ದೊಡ್ಡ ಕಂಬ, ಬಂದರಿಗೆ ಹೋಗುವ ಲಾರಿಗಳು. ಲಾರಿ ಎದುರು ಬಂದಾಗಲೆಲ್ಲ ಬಸ್ಸು ಬೇಲಿಗೆ ಒರಗುತ್ತಿತ್ತು.

"ಹೊರಗೆ ಬರ್ಲಿಕ್ಕೆ ಬೇರೆ ರಸ್ತೆ ಎಲ್ಲಿಂದ?" ಎಂದು ಮಗಳಿಗೆ ಕೇಳಿದೆ.

"ಇದೇ ರಸ್ತೆ."

"ಇದು ಬಂದ್ ಆದ್ರೆ?"

"ಇದು ಬಂದ್ ಆಗುದಿಲ್ಲ."

ಪಕ್ಕದ ಸೀಟಿನ ಮುದುಕನ ಹತ್ತಿರ ಅದನ್ನೇ ಇಂಗ್ಲಿಷಿನಲ್ಲಿ ಕೇಳಿದೆ. ಲಾರಿ ಮಗುಚಿದರೆ ಅರ್ಧ ದಿನ ಬಂದ್ ಎಂದ. ಮಗಳು ಕಿಟಕಿಯ ಹೊರಗೆ ನೋಡಿದಳು.

ಕಡೆಯ ಸ್ಟಾಪಿನಲ್ಲಿ ಇಳಿದೆವು. ಒಂದು ಅಂಗಡಿ, ಒಂದು ಪಬ್, ಬೀಗ ಹಾಕಿದ ಒಂದು ಹಳೆಯ ಚರ್ಚು. ಗಾಳಿ ನನ್ನ ಸ್ಕಾರ್ಫನ್ನು ಮೂರು ಕಡೆಯಿಂದ ಎಳೆಯಿತು. ಮಗಳನ್ನು ಚರ್ಚಿನ ಅಂಗಳದ ಬೆಂಚಿನ ಮೇಲೆ ಕೂರಿಸಿ, ನಾನು ಕರೆಯುವ ತನಕ ಏಳಬೇಡ ಎಂದೆ. ಹೆಣ್ಣನ್ನು ಕರೆದುಕೊಂಡು ವಿಚಾರಿಸಲು ಹೋಗುವ ಕ್ರಮ ಇಲ್ಲ.

"ಚಳಿ ಮಾಂಯ್!"

"ಇಲ್ಲಿ ಇರ್ಲಿಕ್ಕೆ ಬರ್ತೇನೆ ಅಂದವಳು ನೀನಲ್ವಾ? ಅಭ್ಯಾಸ ಆಗ್ಲಿ."

ಓಣಿಯ ಕೊನೆಯಲ್ಲಿ ಒಂದೇ ಸಾಲಿನ ನಾಲ್ಕಾರು ಮನೆಗಳು. ಕೊನೆಯದ್ದು ಅವನದ್ದು. ಅದಕ್ಕಿಂತ ಎರಡು ಮನೆ ಈಚೆ, ಹಿತ್ತಲಿನಲ್ಲಿ ಒಬ್ಬ ದಪ್ಪ ಹೆಂಗಸು ಬಾತುಕೋಳಿಗಳಿಗೆ ಬ್ರೆಡ್ಡು ಹಾಕುತ್ತಿದ್ದಳು. ನನಗಿಂತ ಚಿಕ್ಕವಳು, ಅರವತ್ತರ ಆಸುಪಾಸು. ಬೇಲಿಯ ಹತ್ತಿರ ನಿಂತು ಗುಡ್ ಮಾರ್ನಿಂಗ್ ಎಂದೆ. ಕಡೆಯ ಮನೆಯವನು ಹೇಗೆ ಎಂದು ಕೇಳಿದೆ.

"ಯಾಕೆ? ಏನಾದರೂ ಕದ್ದನಾ?" ಎಂದಳು.

"ಇಲ್ಲ. ನನಗೆ ಒಬ್ಬಳು ಮಗಳಿದ್ದಾಳೆ."

ಅವಳು ನನ್ನ ಮುಖ ನೋಡಿದಳು. "ಓ, ನೀವು ನರ್ಸಿನ ತಾಯಿ! ಬನ್ನಿ ಲವ್, ಒಳಗೆ ಬನ್ನಿ, ಗಾಳಿ ಹೊತ್ತುಕೊಂಡು ಹೋಗುತ್ತದೆ." ಲವ್ ಎನ್ನುವುದು ಇಲ್ಲಿಯವರು ಗುರುತಿಲ್ಲದವರನ್ನೂ ಪ್ರೀತಿಯಿಂದ ಕರೆಯುವ ಮಾತು.

ನೋಡಿ, ಊರಿಗೆಲ್ಲ ಗೊತ್ತು. ಕೊನೆಗೆ ಗೊತ್ತಾದದ್ದು ನನಗೊಬ್ಬಳಿಗೆ.

ನೆರೆಮನೆಯ ಚಾ ಕುಡಿಯಬಹುದು, ಅದಕ್ಕೆ ಲೆಕ್ಕವಿಲ್ಲ. ಅವಳು ದೊಡ್ಡ ಮಗ್ಗಿನಲ್ಲಿ ಚಾ ಕೊಟ್ಟಳು, ನಾನು ಕುಡಿದೆ. ಮೊದಲು ಊರಿನ ವಿಷಯ ಕೇಳಿದೆ. ಊರು ಗೊತ್ತಾಗದೆ ಮನೆ ಗೊತ್ತಾಗುವುದಿಲ್ಲ.

ಅವಳು ಅಜ್ಜಿಯ ಅಜ್ಜಿಯ ಕಾಲದಿಂದಲೂ ಅಲ್ಲಿಯವಳೇ. ಹಿಂದೆ ಈ ಜವುಗಿನಲ್ಲಿ ಚಳಿಜ್ವರ ಇತ್ತಂತೆ.

"ಸೊಳ್ಳೆಯ ಜ್ವರವಾ? ಮಲೇರಿಯಾ?"

"ಅದೇ. ನಡುಗಿ ನಡುಗಿ ಸಾಯುತ್ತಿದ್ದರು. ಇಲ್ಲಿ ಹುಟ್ಟಿದವರಿಗೆ ಸ್ವಲ್ಪ ಅಭ್ಯಾಸವಿತ್ತು. ಮೇಲಿನ ಊರುಗಳಿಂದ ಹೆಂಡತಿ ಮಾಡಿಕೊಂಡು ಬಂದರೆ ಅವಳು ಬೇಗ ಹೋಗುತ್ತಿದ್ದಳು. ಇನ್ನೊಬ್ಬಳನ್ನು ತರುತ್ತಿದ್ದರು. ಹೆಂಗಸರು ನಡುಕ ನಿಲ್ಲಲು ಗಸಗಸೆ ಕಾಯಿ ಬೇಯಿಸಿ ಕುಡಿಯುತ್ತಿದ್ದರು, ಲವ್. ಅರ್ಧ ಊರು ಅಮಲಿನಲ್ಲಿಯೇ ಇರುತ್ತಿತ್ತು."

ಮಲೇರಿಯಾ ನಮ್ಮ ಮಂಗಳೂರಿನ ಸೊತ್ತು ಎಂದು ನಾನು ತಿಳಿದಿದ್ದೆ. ಹೊರಗಿನಿಂದ ತಂದ ಹೆಂಡತಿಯರು ಸಾಯುವ ಊರು, ಎಂದು ಮನಸ್ಸಿನಲ್ಲಿ ಇಟ್ಟುಕೊಂಡೆ.

ಆಮೇಲೆ ನೀರಿನ ವಿಷಯ. ರಾಣಿಗೆ ಪಟ್ಟಾಭಿಷೇಕವಾದ ವರ್ಷ, ಚಳಿಗಾಲದಲ್ಲಿ, ಸಮುದ್ರದ ಕಟ್ಟ ಒಡೆದು ನೀರು ಒಳಗೆ ಬಂದಿತ್ತಂತೆ. ಇವಳ ತಾಯಿ ಮೇಜಿನ ಮೇಲೆ ಕುರ್ಚಿ ಇಟ್ಟು ಅದರ ಮೇಲೆ ನಿಂತಿದ್ದಳಂತೆ. ಕುರಿ, ದನ ಎಲ್ಲ ತೇಲಿಹೋದವಂತೆ. ಗದ್ದೆ ಉಪ್ಪುನೀರು ಕುಡಿದರೆ ಎಷ್ಟು ವರ್ಷ ಹಾಳು ಎಂದು ನನಗೆ ಅವಳು ಹೇಳಬೇಕಾಗಿರಲಿಲ್ಲ.

"ಈಗ?"

"ಈಗ ಕಟ್ಟ ಎತ್ತರ ಮಾಡಿದ್ದಾರೆ. ಎಷ್ಟು ವರ್ಷ ನೋಡಿಕೊಳ್ಳುತ್ತಾರೋ ಯಾರಿಗೆ ಗೊತ್ತು."

ಇಲ್ಲಿಗೆ ಯಾರ್ಯಾರೋ ಏನೇನೋ ತರುತ್ತೇವೆ ಎಂದು ಬಂದರಂತೆ. ದೊಡ್ಡ ಬೀಚ್ ಊರು ಮಾಡುತ್ತೇವೆ ಎಂದು ಪಕ್ಕದ ಹಳ್ಳಿಗೆ ರೈಲು ಹಾಕಿದರು. ಲಂಡನ್ನಿನವರು ಬಂದು ಕೆಸರು ನೋಡಿ ಹಿಂದೆ ಹೋದರು, ರೈಲು ಕಿತ್ತರು. ಪೆಟ್ರೋಲ್ ಮಾಡುವ ಫ್ಯಾಕ್ಟರಿ ಬಂತು, ಇವಳ ಅಪ್ಪನಿಗೆ ಅಲ್ಲಿ ಕೆಲಸ, ಅದೂ ಮುಚ್ಚಿತು. ಕರೆಂಟ್ ಮಾಡುವ ಫ್ಯಾಕ್ಟರಿ ಬಂತು. ಅದರ ಹೊಗೆಕೊಳವೆ ಎಲ್ಲಿಂದ ನೋಡಿದರೂ ಕಾಣುತ್ತಿತ್ತಂತೆ, ಅದನ್ನೂ ಬಾಂಬ್ ಇಟ್ಟು ಉರುಳಿಸಿದರು. ಊರಿನವರು ಮಡಚುವ ಕುರ್ಚಿ ಹಾಕಿಕೊಂಡು ಕೂತು ನೋಡಿದರಂತೆ. ವಿಮಾನ ನಿಲ್ದಾಣ ಮಾಡುತ್ತೇವೆ ಎಂದೂ ಕೆಲವರು ಬಂದಿದ್ದರಂತೆ.

"ಅದು ಎಲ್ಲಿದೆ?"

"ಹಕ್ಕಿಗಳಿವೆ ಎಂದು ಬಿಟ್ಟರು. ನಾವಿದ್ದೇವೆ ಎಂದು ಯಾರೂ ಬಿಡುವುದಿಲ್ಲ, ಲವ್."

ಮಾತಾಡುತ್ತ ಕಿಟಕಿಯಿಂದ ಹೊರಗೆ ನೋಡಿದೆ. ದೂರ ನೀರಿನ ನಡುವೆ ಮೂರು ಕಂಬಗಳು ವಾರೆಯಾಗಿ ನಿಂತಿದ್ದವು. ಮೀನಿನ ಬಲೆಗೆ ನೆಟ್ಟದ್ದಾ ಎಂದು ಕೇಳಿದೆ.

"ಅಯ್ಯೋ ಅಲ್ಲ! ಅದು ಯುದ್ಧದ ಕಾಲದಲ್ಲಿ ಮುಳುಗಿದ ಹಡಗು. ಒಳಗೆ ಇನ್ನೂ ಬಾಂಬ್ ಇವೆ. ತೆಗೆದರೆ ಸಿಡಿಯುತ್ತದೆ ಎಂದು ತೆಗೆಯಲಿಲ್ಲ."

ನಾನು ಮಗ್ ಕೆಳಗೆ ಇಟ್ಟೆ. ಬಾವಿಯ ಹತ್ತಿರ ಹಾವಿನ ಹುತ್ತ ಇದೆ ಎಂದು ಸಂಬಂಧ ಬಿಟ್ಟವರನ್ನು ನಾನು ನೋಡಿದ್ದೇನೆ. ಇಲ್ಲಿ ಮನೆ ಎದುರು ಹಡಗಿನ ತುಂಬ ಬಾಂಬ್. ಮಗಳು ಇದರಲ್ಲಿ ಒಂದನ್ನೂ ಹೇಳಿರಲಿಲ್ಲ.

"ಈಗ ಅವನ ವಿಷಯ ಹೇಳು," ಎಂದೆ.

ಅವಳು ಹೇಳಿದಳು. ನನಗೆ ಇಷ್ಟವಾಯಿತು, ಯಾಕೆಂದರೆ ಒಂದೂ ಒಳ್ಳೆಯದಿಲ್ಲ. ಒದ್ದೆ ನಾಯಿಯನ್ನು ಅಡುಗೆಕೋಣೆಗೆ ಬಿಡುತ್ತಾನೆ. ಕುರಿ ಮರಿ ಹಾಕುವ ಕಾಲದಲ್ಲಿ ಸ್ನಾನವಿಲ್ಲ, ಮಾತಿಲ್ಲ. ಸಿಟ್ಟು ಬಂದರೆ ಕೂಗಾಡುವುದಿಲ್ಲ, ವಾರಗಟ್ಟಲೆ ಮೂಕ. ಈ ಜಾಗ ಬಿಟ್ಟು ಒಂದು ರಾತ್ರಿ ಹೊರಗೆ ಮಲಗುವವನಲ್ಲ. ಅವನ ಜೊತೆ ಒಂದು ಸಾರಿ ಸ್ಪೇನಿಗೆ ಟಿಕೆಟ್ ಮಾಡಿದ್ದಕ್ಕೆ ಏರ್‌ಪೋರ್ಟಿನ ಬಾಗಿಲಿನಿಂದ ವಾಪಸು ಬಂದನಂತೆ.

ನೆರೆಮನೆಯವಳಿಗೆ ಇಷ್ಟು ಹೇಗೆ ಗೊತ್ತು, ಯಾರು ಟಿಕೆಟ್ ಮಾಡಿದರು, ಎಂದು ಆಗ ನನಗೆ ಹೊಳೆಯಲಿಲ್ಲ. ನಮ್ಮಲ್ಲಿ ಬಿಟ್ಟ ಹೆಂಡತಿ ತವರಿಗೆ ಹೋಗುತ್ತಾಳೆ, ಆ ಓಣಿಯಲ್ಲಿ ಮತ್ತೆ ಕಾಣುವುದಿಲ್ಲ. ಇವನ ಹೆಂಡತಿಯೂ ಎಲ್ಲೋ ದೂರ ಹೋಗಿರುತ್ತಾಳೆ ಎಂದು ನಾನು ತಿಳಿದಿದ್ದೆ.

ಚರ್ಚಿನಿಂದ ಮಗಳನ್ನು ಕರೆದುಕೊಂಡು ಅವನ ಮನೆಗೆ ಹೋದೆ. ಚಳಿಗೆ ಅವಳ ಮೂಗು ಕೆಂಪಾಗಿತ್ತು. ಅವನೂ ಕೆಂಪು, ಆದರೆ ಅದು ಅವನ ಬಣ್ಣ. ಎತ್ತರದ ಆಳು, ಅಗಲ ಕೈ. ಹಲೋ ಎಂದು ಬಾಗಿಲು ಬಿಟ್ಟು ನಿಂತ. ನಾನು ಅಡುಗೆಕೋಣೆಗೆ ಹೋಗಿ ನಲ್ಲಿ ತಿರುಗಿಸಿ ನೀರಿನ ವಾಸನೆ ನೋಡಿದೆ. ಫ್ರಿಜ್ ತೆಗೆದೆ. ಮೇಲೆ ಹೋಗಿ ಹಾಸಿಗೆ, ಕಿಟಕಿ, ಬಚ್ಚಲು ನೋಡಿದೆ. ಬಟ್ಟೆಯ ಕಪಾಟಿನ ಹಿಂದೆ, ಮಂಚದ ಅಡಿಗೆ ಕೈ ಹಾಕಿ ನೋಡಿದೆ. ಬಾಟಲಿ ಸಿಗಲಿಲ್ಲ, ಒಂದು ಸಾಕ್ಸ್ ಸಿಕ್ಕಿತು. ಹಿತ್ತಲಿನ ಶೆಡ್ಡಿನಲ್ಲಿದ್ದ ಹುಲ್ಲಿನ ಕಟ್ಟುಗಳ ನಡುವೆಯೂ ನೋಡಿದೆ. ಅವನು ಬಾಗಿಲು ತೆಗೆದು ಕೊಡುತ್ತ ಹಿಂದೆ ಹಿಂದೆ ಬಂದ. ಯಾಕೆ ಎಂದು ಕೇಳಲಿಲ್ಲ. ಕೇಳದವರ ಮೇಲೆ ನನಗೆ ಇನ್ನೂ ಹೆಚ್ಚು ಸಂಶಯ.

ವಾಪಸು ಬರುವಾಗ ಮೇಜಿನ ಮೇಲೆ ಬಟ್ಟೆ ಹಾಸಿ, ಒಳ್ಳೆಯ ಕಪ್ಪುಗಳನ್ನಿಟ್ಟು, ಕೇಕ್ ಕತ್ತರಿಸಿ ಇಟ್ಟಿದ್ದ. ಚಾ ಬಗ್ಗಿಸಿದ.

"ನೋ ಟೀ," ಎಂದೆ.

ಕಾಫಿಯೇ ಎಂದು ಕೇಳಿದ. "ನೋ ಕಾಫಿ." ನೀರು? "ನೋ ವಾಟರ್." ಕೇಕಿನ ತಟ್ಟೆ ನನ್ನ ಕಡೆಗೆ ದೂಡಿದ. ನಾನು ಅದನ್ನು ಅವನ ಕಡೆಗೆ ದೂಡಿದೆ.

"ಮಾಂಯ್, ಒಂದು ಗುಟುಕು ಕುಡಿ. ಬೆಳಿಗ್ಗೆ ಎದ್ದು ಅವರೇ ಮಾಡಿದ ಕೇಕ್ ಮಾರಾಯ್ತಿ."

"ಮಾತು ಆಗ್ಲಿಲ್ಲ ಇನ್ನೂ."

ಅವನು ಕಪ್ಪನ್ನು ಬದಿಗೆ ಸರಿಸಿದ. ಆಮೇಲೆ ಮೆಲ್ಲಗೆ ಹೇಳಿದ. ನನಗೆ ಪೂರ್ತಿ ತಿಳಿಯಿತು: "ನನ್ನ ಹೆಂಡತಿಯಾಗಿದ್ದವಳ ಮನೆಯಲ್ಲಿ ಚಾ ಕುಡಿದಿರಂತೆ. ಅವಳು ಫೋನ್ ಮಾಡಿದ್ದಳು. ನನ್ನ ಮನೆಯಲ್ಲಿ ನೀರೂ ಬೇಡವಾ?"

ಹೆಂಡತಿಯಾಗಿದ್ದವಳು! ನಾನು ಮಗಳ ಕಡೆ ನೋಡಿದೆ. ಅವಳು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅವನು ಎದ್ದು, ಕೋಟ್ ಹಾಕಿಕೊಂಡು, ನಾಯಿಯನ್ನು ಕರೆದುಕೊಂಡು ಹೊರಗೆ ಹೋದ. ಬಾಗಿಲನ್ನು ಬಡಿಯಲಿಲ್ಲ, ಮೆಲ್ಲಗೆ ಎಳೆದ.

"ಹೋಯ್ತು," ಎಂದಳು ಮಗಳು. "ಇಲ್ಲಿ ಚಾ ಬೇಡ ಅಂದ್ರೆ ಮುಖಕ್ಕೆ ಉಗಿದ ಹಾಗೆ. ನೀನು ಬೇಡ ಅಂದೆ ಅಂತ ಅವರು ತಿಳ್ಕೊಂಡ್ರು. ನಿಂಗೆ ಸಂತೋಷ ಆಯ್ತಲ್ವಾ?"

"ಎರಡು ಮನೆ ಆಚೆ ಮೊದಲಿನ ಹೆಂಡತಿ ಇದ್ದಾಳೆ ಅಂತ ನೀನು ಯಾಕೆ ಹೇಳ್ಲಿಲ್ಲ?"

"ನೀನು ನೇರ ಅವಳ ಮನೆಗೇ ಹೋಗ್ತಿ ಅಂತ ನಂಗೆಂತ ಕನಸು ಬಿತ್ತಾ?"

"ಬಾಂಬಿನ ಹಡಗು?"

"ಅದು ನಾವು ಹುಟ್ಟುವ ಮೊದಲೇ ಉಂಟು ಮಾಂಯ್!"

ಅವಳು ಅಳಲು ಶುರು ಮಾಡಿದಳು. ಐವತ್ತು ದಾಟಿದವಳ ಅಳು ಚಂದವಿಲ್ಲ. ನಾನು ಅವಳನ್ನು ಅಲ್ಲಿಯೇ ಬಿಟ್ಟು ಮತ್ತೆ ಎರಡು ಮನೆ ಈಚೆ ಬಂದೆ. ಮೊದಲು ನೆರೆಮನೆಯವಳೆಂದು ಕೇಳಿದ್ದೆ. ಈಗ ಹೆಂಡತಿಗೆ ಮಾತ್ರ ಉತ್ತರ ಗೊತ್ತಿರುವ ಪ್ರಶ್ನೆ ಕೇಳಬೇಕಿತ್ತು.

"ಮೊದಲೇ ಯಾಕೆ ಹೇಳಲಿಲ್ಲ?" ಎಂದೆ ಬಾಗಿಲಿನಲ್ಲಿಯೇ.

"ನೀವು ಅವನು ಹೇಗೆ ಎಂದು ಕೇಳಿದಿರಿ. ನಾನು ಯಾರು ಎಂದು ಕೇಳಲಿಲ್ಲ. ಊರಿನಲ್ಲಿ ಎಲ್ಲರಿಗೂ ಗೊತ್ತಿರುವುದನ್ನು ಹೇಳಬೇಕೆಂದು ನೆನಪಾಗುವುದಿಲ್ಲ."

"ನೀನು ಹೋಗದೆ ಇಲ್ಲಿಯೇ ಯಾಕೆ ಇದ್ದೀ?"

"ಎಲ್ಲಿಗೆ ಹೋಗಲಿ? ನನ್ನ ಊರೂ ಇದೇ."

"ಹೊಡೆದದ್ದು ಉಂಟಾ?"

"ಇಲ್ಲ."

"ಕುಡಿದು ಬಿದ್ದದ್ದು?"

"ಪಬ್ಬಿಗೆ ಹೋಗುತ್ತಾನೆ, ನಡೆದುಕೊಂಡು ಬರುತ್ತಾನೆ."

"ಬೇರೆ ಹೆಂಗಸು?"

ಅವಳು ನಕ್ಕಳು. "ಕುರಿಗಳೇ."

"ಹಾಗಾದರೆ ಯಾಕೆ ಬಿಟ್ಟೆ?"

ನಗು ನಿಂತಿತು. ಒಂದು ಚಳಿಗಾಲ ಸಮುದ್ರ ಏರುತ್ತದೆ, ಮನೆ ಬಿಡಿ ಎಂದು ಪೊಲೀಸರು ಹೇಳಿಕೊಂಡು ಹೋದರಂತೆ. ಇವನು ಟಾರ್ಚ್ ತೆಗೆದುಕೊಂಡು ಕುರಿಗಳನ್ನು ಮೇಲಕ್ಕೆ ಹತ್ತಿಸಲು ಹೋದ. ಇವಳು ಬ್ಯಾಗ್ ಹಿಡಿದು ಬಾಗಿಲಿನಲ್ಲಿ ನಿಂತಳು. ನಿಂತೇ ಇದ್ದಳು. ಇವಳಿಗೆ ಕಾರು ಬಿಡಲು ಬರುತ್ತಿರಲಿಲ್ಲ. ನೀರು ಕಟ್ಟ ದಾಟಲಿಲ್ಲ, ಏನೂ ಆಗಲಿಲ್ಲ. ಬೆಳಗಾಗುವಾಗ ಅವನು ಬಂದು, ಎಲ್ಲ ಕುರಿಗಳೂ ಸರಿ ಇವೆ ಎಂದ.

"ಅವತ್ತು ಬಿಟ್ಟೆ," ಎಂದಳು. "ಆಮೇಲೆ ಕಾರು ಕಲಿತೆ."

ಇವಳನ್ನು ನಂಬಬಹುದೋ ಎಂದು ನಾನು ನಿಂತು ಆಲೋಚಿಸಿದೆ. ಬಿಟ್ಟವಳು, ಹೊಟ್ಟೆಕಿಚ್ಚಿಗೆ ಹೇಳಿರಬಹುದು. ಆದರೆ ಹೊಟ್ಟೆಕಿಚ್ಚಿನವರು ಹೊಡೆದ, ಕುಡಿದ ಎನ್ನುತ್ತಾರೆ. ಹಾಗೆ ಹೇಳಲು ನಾನೇ ದಾರಿ ಮಾಡಿಕೊಟ್ಟಿದ್ದೆ. ಅವಳು ಇಲ್ಲ ಎಂದಳು.

ಅವನು ಕಟ್ಟದ ಮೇಲೆ ಇದ್ದ. ಮಗಳು ನನ್ನನ್ನು ನೋಡಿ ಹಿಂದೆ ಬಂದಳು. ಹತ್ತಲು ನನಗೆ ಅವಳ ಕೈ ಬೇಕಾಯಿತು, ಅವಳು ಕೊಟ್ಟಳು. ಮೇಲೆ ಹತ್ತಿದ ಮೇಲೆ ಗೊತ್ತಾಯಿತು. ಉಬ್ಬರದ ಹೊತ್ತು. ಕಟ್ಟದ ಆ ಕಡೆ ಕಂದು ನೀರು ಬಂದು ತಾಗುತ್ತಿತ್ತು. ಈ ಕಡೆ ಅವನ ಕುರಿ ಮೇಯುವ ಹುಲ್ಲು ನೀರಿಗಿಂತ ಕೆಳಗೆ ಇತ್ತು. ಮನೆಗಳು ಸ್ವಲ್ಪ ಮೇಲೆ, ಹೆಚ್ಚೇನೂ ಅಲ್ಲ. ನಮ್ಮ ಅಳಿವೆಯಲ್ಲಿ ಇಂಥ ಉಬ್ಬರ ನಾನು ನೋಡಿದವಳಲ್ಲ.

"ಚಾ ಬೇಡ ಅಂದದ್ದು ನಮ್ಮ ಕ್ರಮ ಅಂತ ಹೇಳು ಅವನಿಗೆ," ಎಂದೆ ಮಗಳಿಗೆ. "ಮಾತು ಮುಗಿಯುವ ತನಕ ಮುಟ್ಟುದಿಲ್ಲ ಅಂತ."

ಅವಳು ಹೇಳಿದಳು. ಅವನು ನನ್ನನ್ನು ನೋಡಿದ. ಹಾಗಾದರೆ ಮಾತು ಏನು ಎಂದು ಕೇಳಿದ.

ನಾನೇ ಇಂಗ್ಲಿಷಿನಲ್ಲಿ ಕೇಳಿದೆ. ಸಮುದ್ರ ಒಳಗೆ ಬಂದರೆ ಮೊದಲು ಯಾರು? ಕುರಿಯಾ, ನನ್ನ ಮಗಳಾ?

ನನ್ನ ಊರಿನ ಯಾವ ಗಂಡಸಿನ ಹತ್ತಿರ ಕೇಳಿದ್ದರೂ ನಾನು ಬಾಯಿ ಮುಚ್ಚುವ ಮುಂಚೆ ನಿಮ್ಮ ಮಗಳು ಎನ್ನುತ್ತಿದ್ದ. ಮೊದಲ ಅಳಿಯನೂ ಅನ್ನುತ್ತಿದ್ದ, ಎದೆಯ ಮೇಲೆ ಶಿಲುಬೆ ಗುರುತು ಹಾಕಿ ಅನ್ನುತ್ತಿದ್ದ. ಇವನು ನೀರು ನೋಡಿದ, ಕುರಿ ನೋಡಿದ. ಮಗಳ ಕಡೆ ನೋಡಲು ಧೈರ್ಯವಾಗಲಿಲ್ಲ.

"ಕುರಿ," ಎಂದ. "ಅವಳಿಗೆ ಕಾರಿದೆ, ಅವಳಿಗೆ ರಸ್ತೆ ಗೊತ್ತು. ಕುರಿಗಳಿಗೆ ನಾನು ಬಿಟ್ಟರೆ ಯಾರೂ ಇಲ್ಲ."

ಮಗಳು ತುಟಿ ಕಚ್ಚಿದಳು. ಇಷ್ಟು ಕೆಟ್ಟ ಉತ್ತರವನ್ನು ಸುಳ್ಳು ಹೇಳುವವನು ಕೊಡುವುದಿಲ್ಲ. ಅದು ಅವನು ಒಳ್ಳೆಯವನು ಎಂಬುದಕ್ಕೆ ಸಾಕ್ಷಿಯಲ್ಲ. ಸುಳ್ಳು ಹೇಳಲಿಲ್ಲ ಎಂಬುದಕ್ಕೆ ಮಾತ್ರ. ಆದರೆ ಯಾವ ದಿನ ಏನು ಮಾಡುತ್ತಾನೆ ಎಂದು ಮೊದಲೇ ಗೊತ್ತಿದ್ದರೆ ಅದಕ್ಕೆ ಬೇಕಾದ್ದನ್ನು ನಾವು ಮಾಡಿಕೊಳ್ಳಬಹುದು.

ಆಮೇಲೆ ನಾನು ಕೊಂಕಣಿಯಲ್ಲಿಯೇ ಹೇಳಿದೆ. ಅದಕ್ಕೆಲ್ಲ ವೇರ್‌ಹೌಸಿನ ಇಂಗ್ಲಿಷ್ ಸಾಕಾಗುವುದಿಲ್ಲ.

"ನೀನು ಒಳ್ಳೆಯವನಾ ಕೆಟ್ಟವನಾ ನಂಗೊತ್ತಿಲ್ಲ. ಗೊತ್ತಾಗುವಷ್ಟು ವರ್ಷ ನಾನು ಇರ್ಲಿಕ್ಕೂ ಇಲ್ಲ. ಕುರಿಯನ್ನು ನೀನು ನೋಡ್ಕೋ, ಅವಳನ್ನು ಅವಳೇ ನೋಡ್ಕೊಳ್ಳಲಿ. ಆಸ್ಪತ್ರೆ ಕೆಲಸ ಅವಳು ಬಿಡುದಿಲ್ಲ. ಕಾರು ಅವಳದ್ದು, ಕೀಲಿ ಅವಳ ಕೈಯಲ್ಲೇ. ಕಾರನ್ನು ಯಾವಾಗ್ಲೂ ಹೊರಗೆ ಹೋಗುವ ರಸ್ತೆಗೆ ಮುಖ ಮಾಡಿ ನಿಲ್ಲಿಸ್ಬೇಕು. ನೀರಿನ ಸುದ್ದಿ ಬಂದ್ರೆ ಅವಳು ನಿನ್ನನ್ನು ಕಾಯುದಿಲ್ಲ, ಬಾಗಿಲಲ್ಲಿ ನಿಲ್ಲುದಿಲ್ಲ, ಹೊರಡ್ತಾಳೆ. ಅದಕ್ಕೆ ನೀನು ವಾರಗಟ್ಟಲೆ ಮೂಕ ಆಗಿ ಕೂರ್ಬಾರ್ದು. ಗ್ರೀನ್‌ಫರ್ಡಿನಲ್ಲಿ ಅವಳ ಕೋಣೆ ಹಾಗೇ ಇರ್ತದೆ. ನಾನು ಅಲ್ಲೇ ಇರ್ತೇನೆ, ನಿನ್ನ ಈ ಗಾಳಿಗೆ ನಾನು ಬರುದಿಲ್ಲ. ಇಷ್ಟಕ್ಕೆ ಆಗ್ತದೆ ಅಂದ್ರೆ ಮಾಡ್ಕೊಳ್ಳಿ."

 ಮಗಳು ಅವನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಇಷ್ಟುದ್ದ ಹೇಳಿದ್ದು ಅವಳ ಬಾಯಲ್ಲಿ ಒಂದು ಗೇಣಾಯಿತು. ಅವನು ತಲೆ ಆಡಿಸಿದ. ಅವಳಿಗೆ ಏನೋ ಹೇಳಿದ, ಗಾಳಿಗೆ ನನಗೆ ಕೇಳಿಸಲಿಲ್ಲ. ಅವಳು ನಕ್ಕು ಮೂಗು ಒರೆಸಿಕೊಂಡಳು.

"ಎಂತ ಹೇಳಿದ?"

"ಸರಿ ಅಂದ್ರು."

"ಅಷ್ಟು ಹೊತ್ತು ಬಾಯಿ ಆಡ್ಸಿದ್ದು ಸರಿ ಅನ್ಲಿಕ್ಕಾ?"

"ಅಷ್ಟೇ ಮಾಂಯ್."

ಮದುವೆ ಚರ್ಚಿನಲ್ಲಿ ಆಗಲಿಲ್ಲ, ಡೈವೋರ್ಸ್ ಆದವನಿಗೆ ಆಗುವುದೂ ಇಲ್ಲ. ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿದರು. ನಮ್ಮ ಜನ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ ಎಂದು ನನಗೆ ಗೊತ್ತು. ಎದುರು ಬಂದು ಯಾರೂ ಕೇಳಿಲ್ಲ, ಕೇಳಿದರೆ ಹೇಳಲು ನನ್ನ ಹತ್ತಿರ ಉತ್ತರ ಇದೆ. ಮಗಳು ಈಗ ಅಲ್ಲಿಯೇ ಇದ್ದಾಳೆ. ಲಂಡನ್ನಿನ ಕೆಲಸ ಬಿಟ್ಟು ಅಲ್ಲಿಗೆ ಹತ್ತಿರದ ಆಸ್ಪತ್ರೆಗೆ ಸೇರಿದ್ದಾಳೆ. ಕೆಲಸವಂತೂ ಬಿಟ್ಟಿಲ್ಲ.

ಗಾಳಿ ಜೋರಾದ ದಿನ ನಾನೇ ಫೋನ್ ಮಾಡುತ್ತೇನೆ. ಊಟ ಆಯಿತಾ ಎಂದು ಕೇಳುವ ಮುಂಚೆ, ಕಾರು ಯಾವ ಕಡೆ ಮುಖ ಮಾಡಿದೆ ಎಂದು ಕೇಳುತ್ತೇನೆ. ರಸ್ತೆ ಕಡೆಗೇ ಎನ್ನುತ್ತಾಳೆ. ಫೋಟೋ ತೆಗೆದು ಕಳಿಸು ಎನ್ನುತ್ತೇನೆ. ಕಳಿಸುತ್ತಾಳೆ. ಕಾರು ರಸ್ತೆ ಕಡೆಗೇ ಇರುತ್ತದೆ. ನಾನು ಕಾರಿನ ಮೇಲಿನ ಆಕಾಶ ನೋಡುತ್ತೇನೆ. ಇಲ್ಲಿ ಮಳೆ ಬರುತ್ತಿರುವಾಗ ಅಲ್ಲಿ ಬಿಸಿಲು ಕಂಡರೆ ಮತ್ತೆ ಫೋನ್ ಮಾಡಿ, ಇದು ಇವತ್ತಿನ ಫೋಟೋವಾ ಎಂದು ಕೇಳುತ್ತೇನೆ.